ಸ್ತಾನ್ಕಾಳನ್ನು ನಂಬಿ ಇಟ್ಟ ದುಡ್ಡು

ರೂಸೆ ಊರಿನ ನಮ್ಮ ವಠಾರದಲ್ಲಿ ಸ್ತಾನ್ಕಾಳನ್ನು ನಂಬದವರಿರಲಿಲ್ಲ. ಸಮಾಜವಾದದ ಕಾಲದಲ್ಲಿ ಸರಕಾರಿ ಉಳಿತಾಯ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವಳು. ಆ ಆಡಳಿತ ಬಿದ್ದು ಬೀದಿಗೊಂದು ಖಾಸಗಿ ಬ್ಯಾಂಕು ಎದ್ದಾಗ, ಅಂಥದ್ದೊಂದು ಬ್ಯಾಂಕು ಅವಳನ್ನು ದುಪ್ಪಟ್ಟು ಸಂಬಳಕ್ಕೆ ಕರೆದುಕೊಂಡಿತು. ಅವಳ ಹಿಂದೆಯೇ ವಠಾರದ ದುಡ್ಡೂ ಹೋಯಿತು.

ಮೇಲಿನ ಮನೆಯ ಪೆಂಕೋ ಹಡಗುಕಟ್ಟೆಯಲ್ಲಿ ಬೆಸುಗೆ ಕೆಲಸ ಮಾಡಿ ನಿವೃತ್ತನಾದವನು. ಹೆಂಡತಿ ದೋಚ್ಕಾಳ ಕಣ್ಣಿನ ಆಪರೇಷನ್ನಿಗೆಂದು ಹಳೆಯ ಕಾರು ಮಾರಿದ್ದ. ಒಳ್ಳೆಯ ಬಡ್ಡಿ ಬರುತ್ತದೆಂದು ಹೇಳಿ ಆ ಹಣವನ್ನು ಇಡಿಸಿದವಳು ಸ್ತಾನ್ಕಾ. ಸತ್ತ ಗಂಡನ ವಿಮೆಯ ಹಣವನ್ನು ತಾನೂ ಅಲ್ಲೇ ಇಟ್ಟಿದ್ದಳು.

ತೊಂಬತ್ತಾರರ ವಸಂತದಲ್ಲಿ ಬ್ಯಾಂಕಿನ ಮುಂದೆ ಸಾಲು ಬೆಳೆಯಿತು. ನಿರ್ದೇಶಕರ ನೆಂಟರು ಪಡೆದ ಸಾಲ ವಾಪಸು ಬಂದಿರಲಿಲ್ಲ. ನಗದು ತರುವ ವ್ಯಾನು ದಾರಿಯಲ್ಲಿದೆ ಎಂದು ಹೇಳಲು ಮ್ಯಾನೇಜರ್ ಸ್ತಾನ್ಕಾಳಿಗೆ ತಾಕೀತು ಮಾಡಿದ. ಅವಳು ಹಾಗೇ ಹೇಳಿದಳು. ಜನ ನಂಬಿ ಮನೆಗೆ ಹೋದರು. ಒಂದು ಬೆಳಿಗ್ಗೆ ಪೆಂಕೋನ ತೋಳು ಹಿಡಿದು ತಡವುತ್ತ ಬಂದ ದೋಚ್ಕಾಳನ್ನು ಕಂಡ ಮೇಲೆ ಸ್ತಾನ್ಕಾಳಿಂದ ಆ ಸುಳ್ಳು ಹೇಳಲಾಗಲಿಲ್ಲ.

"ವ್ಯಾನೂ ಇಲ್ಲ, ದುಡ್ಡೂ ಇಲ್ಲ. ಹೇಳು ಅಂದ್ರು, ಹೇಳ್ತಿದ್ದೆ. ಸುಮ್ನೆ ನಿಲ್ಬೇಡಿ" ಎಂದಳು.

ಯಾರೋ ಕೌಂಟರಿನ ಗಾಜಿಗೆ ಉಗಿದರು. ಪೆಂಕೋ ಮಾತ್ರ ದನಿ ಏರಿಸಲಿಲ್ಲ.

"ನಾನು ಬ್ಯಾಂಕಿನ ಬೋರ್ಡು ನೋಡಿ ಇಡ್ಲಿಲ್ಲ ಕಣಮ್ಮ. ನಿನ್ನ ಮುಖ ನೋಡಿ ಇಟ್ಟೆ."

ಅಂದೇ ಅವಳ ಕೆಲಸ ಹೋಯಿತು. ಆಮೇಲೆ ಬ್ಯಾಂಕೂ ಬಾಗಿಲು ಮುಚ್ಚಿತು. ಆ ಚಳಿಗಾಲದಲ್ಲಿ ಬೆಳಿಗ್ಗೆ ಇದ್ದ ಬ್ರೆಡ್ಡಿನ ಬೆಲೆ ಸಂಜೆಗೆ ಇರುತ್ತಿರಲಿಲ್ಲ. ಸರಕಾರ ಕೊನೆಗೂ ಠೇವಣಿ ಮರಳಿಸಿದಾಗ, ಪೆಂಕೋನ ಕಾರಿನ ಹಣಕ್ಕೆ ಒಂದು ಜೊತೆ ಬೂಟು ಬಂತು. ದೋಚ್ಕಾಳ ಕಣ್ಣು ಅಷ್ಟರಲ್ಲಿ ಪೂರ್ತಿ ಹೋಗಿತ್ತು. ಸ್ತಾನ್ಕಾ ಹುರುಳಿಕಾಯಿ ಬೀಜದ ಸಾರು ಮಾಡಿ ಮೇಲಕ್ಕೆ ಕೊಟ್ಟುಬಂದರೆ, ಪಾತ್ರೆ ತುಂಬಿದಂತೆಯೇ ಅವಳ ಬಾಗಿಲ ಮುಂದೆ ಮರಳಿರುತ್ತಿತ್ತು.

ಮರುವರ್ಷ ನಮ್ಮ ಲೆವ್ ನಾಣ್ಯದ ಮೌಲ್ಯವನ್ನು ಜರ್ಮನ್ ಮಾರ್ಕಿಗೆ ಕಟ್ಟಿಹಾಕಿದರು. ಬೆಲೆಗಳ ಏರಿಕೆ ನಿಂತಿತು. ಅದೇ ಕಟ್ಟಡಕ್ಕೆ ಬಂದ ವಿದೇಶಿ ಬ್ಯಾಂಕು ಸ್ತಾನ್ಕಾಳಿಗೆ ಹೇಳಿಕಳಿಸಿತು. ಈಗ ಕಾನೂನು ಗಟ್ಟಿಯಾಗಿದೆ, ಹೋಗು ಎಂದು ನಾನೂ ಒತ್ತಾಯಿಸಿದೆ.

"ಇರಬಹುದು ಕಣೆ. ಆದ್ರೆ ಯಾರಾದ್ರೂ ಬಂದು 'ಇಲ್ಲಿ ಇಡ್ಲಾ, ಸ್ತಾನ್ಕಾ?' ಅಂತ ಕೇಳಿದ್ರೆ ಏನನ್ನಲಿ?"

ಅವಳು ತರಕಾರಿಯನ್ನು ಡಬ್ಬಿಗೆ ತುಂಬುವ ಕಾರ್ಖಾನೆಗೆ ಸೇರಿ, ಸುಟ್ಟ ದಪ್ಪಮೆಣಸಿನಕಾಯಿಯ ಸಿಪ್ಪೆ ಸುಲಿಯತೊಡಗಿದಳು. ಪೆಂಕೋ ಸಾಯುವವರೆಗೂ ಅವಳನ್ನು ಮಾತಾಡಿಸಲಿಲ್ಲ. ಶವಪೆಟ್ಟಿಗೆಯ ಪಕ್ಕ ಕುಳಿತಿದ್ದ ದೋಚ್ಕಾಳ ಕೈಯನ್ನು ಅವಳು ಹಿಡಿದುಕೊಂಡಾಗ, ಆ ಕುರುಡು ಮುದುಕಿ ಬೆರಳುಗಳನ್ನು ತಡವಿ ನೋಡಿ, "ಯಾರಮ್ಮ ನೀನು? ಕೈ ಇಷ್ಟು ಒರಟಾಗಿದೆ" ಎಂದಳು.

ಸ್ತಾನ್ಕಾ ಹೆಸರು ಹೇಳಲಿಲ್ಲ. ಕೈಯನ್ನೂ ಬಿಡಲಿಲ್ಲ.