ಚಿಕ್ಕಮ್ಮನ ಮಗ್ಗದ ಗುಂಡಿ

ಮೊಳಕಾಲ್ಮೂರಿನ ಆ ಮನೆ ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರ ಹೆಸರಿನಲ್ಲೂ ಇತ್ತು. ಆದರೂ ಚಿಕ್ಕಪ್ಪ ಹೆಂಡತಿಯನ್ನು ಒಂದು ಮಾತೂ ಕೇಳದೆ ರಾಂಪುರದ ವ್ಯಾಪಾರಿಯೊಬ್ಬನಿಗೆ ಮಾರಾಟದ ಕರಾರು ಬರೆದುಕೊಟ್ಟ. ಚಿಕ್ಕಮ್ಮ ಸಹಿ ಹಾಕಲಿಲ್ಲ. ವ್ಯಾಪಾರಿ ಕೋರ್ಟಿಗೆ ಹೋದ. ನಮ್ಮ ನೆಂಟರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಮಾರಹೊರಟವನನ್ನು ಬಿಟ್ಟು ಅವರೆಲ್ಲ ಬುದ್ಧಿ ಹೇಳಲು ಬಂದದ್ದು ಚಿಕ್ಕಮ್ಮನಿಗೆ! ಅವಳು ಯಾರಿಗೂ ಎದುರಾಡದೆ ಸೀರೆ ನೇಯುತ್ತಲೇ ಇದ್ದಳು.

ಒಂದು ದಿನ ಕೋರ್ಟು ನೇಮಿಸಿದ ವಕೀಲರು ಮನೆ ನೋಡಿ ವರದಿ ಕೊಡಲು ಬಂದರು. ಚಿಕ್ಕಮ್ಮ ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತಿದ್ದಳು. ನಮ್ಮಲ್ಲಿ ಆ ಗುಂಡಿಯನ್ನು ನೇಯುವವರ ಕಾಲಿನ ಅಳತೆಗೇ ತೋಡುತ್ತಾರೆ.

"ಮಗ್ಗ ಬಿಚ್ಚಿ ಬೇರೆ ಮನೇಲಿ ಹಾಕ್ಕೋಬಹುದಲ್ಲಮ್ಮ?" ಎಂದು ವಕೀಲರು ಕೇಳಿದರು.

"ಮಗ್ಗ ಬಿಚ್ಚಬೋದು ಸ್ವಾಮಿ. ಈ ಗುಂಡಿ ಏನ್ಮಾಡ್ಲಿ? ನಾನು ಮದುವೆಯಾಗಿ ಬಂದಾಗ ನನ್ನ ಕಾಲು ಅಳೆದು ತೋಡಿದವ್ರು ಅಲ್ಲೇ ಬಾಗಿಲಲ್ಲಿ ನಿಂತವ್ರೆ. ಮುಚ್ಚೋದಾದ್ರೆ ಅವ್ರೇ ಮುಚ್ಲಿ. ಸನಿಕೆ ಹಿತ್ತಲಲ್ಲೈತೆ."

ಬಾಗಿಲಲ್ಲಿದ್ದ ಚಿಕ್ಕಪ್ಪ ಚಪ್ಪಲಿ ಮೆಟ್ಟಿ ಬೀದಿಗೆ ಇಳಿದ.

ಕೇಸು ಇನ್ನೂ ನಡೆಯುತ್ತಿದೆ. ಸನಿಕೆ ಹಿತ್ತಲಲ್ಲೇ ಇದೆ.