ಮಾವನ ಟೀವಿಗೆ ನಾನು ಹಾಕಿದ ಬೀಗ

ಕಾದಂಬರಿ ಬರೆಯಲು ಕೂತ ವರ್ಷ ನಾನು ಮನೆಯಲ್ಲಿ ಸ್ವಾತಂತ್ರ್ಯದ ಬಗ್ಗೆ ಸಿಕ್ಕಾಪಟ್ಟೆ ಮಾತಾಡುತ್ತಿದ್ದೆ. ಮುಂದೆಂದೋ ಬರಲಿರುವ ಕೆಟ್ಟ ಕಾಲದ ಕಥೆ ಅದು. ಒಂದು ಊರಿಗೆ ಸುದ್ದಿಯೇ ತಲುಪದಂತೆ ಒಬ್ಬ ಅಧಿಕಾರಿ ತಡೆದಿರುತ್ತಾನೆ. ಜನ ಕೇಳಿದರೆ ‘ದುರಸ್ತಿ ನಡೆಯುತ್ತಿದೆ’ ಎನ್ನುತ್ತಾನೆ. ಅವನಿಗೆ ಕೆಂಪು ಕಣ್ಣು, ಗಡುಸು ದನಿ, ಎಲ್ಲವನ್ನೂ ಧಾರಾಳವಾಗಿ ಕೊಟ್ಟಿದ್ದೆ.

ಬರೆದದ್ದನ್ನು ಮೊದಲು ಕೇಳುವವರು ನನ್ನ ಮಾವ. ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು, ಗೌರಿಬಿದನೂರಿನಲ್ಲಿ ನಮ್ಮ ಜೊತೆಗೇ ಇದ್ದಾರೆ. ಕಣ್ಣಿಗೆ ಪೊರೆ ಬಂದು ಪತ್ರಿಕೆ ಓದುವುದು ನಿಂತಿತ್ತು. ಭಾನುವಾರ ಊಟವಾದ ಮೇಲೆ ನಾನು ಓದುವುದು, ಅವರು ದಿವಾನದ ಮೇಲೆ ಕಾಲು ಚಾಚಿ ಕೇಳುವುದು. ನನ್ನ ಗಂಡನಿಗೆ ಎರಡನೇ ಪುಟಕ್ಕೇ ಗೊರಕೆ ಬರುತ್ತದೆ, ಮಾವನಿಗೆ ಪ್ರಶ್ನೆ ಬರುತ್ತದೆ.

ಉಳಿದ ದಿನಗಳಲ್ಲಿ ಅವರಿಗೆ ಟೀವಿಯ ಸುದ್ದಿಯೇ ಬೇಕು. ಚರ್ಚೆಗೆ ಕೂತ ನಾಲ್ವರು ಕೂಗಾಡಿದರೆ ಐದನೆಯವರಾಗಿ ಇವರೂ ಕೂಗಾಡುವರು. “ಏಯ್, ಅವನ್ನೂ ಮಾತಾಡಕ್ ಬಿಡೋ!” ಎಂದು ಪರದೆಗೆ ಬೆರಳು ತೋರಿಸುವರು. ಹೀಗೇ ಒಮ್ಮೆ ಬಿಪಿ ಏರಿ ತಲೆ ಸುತ್ತಿ ಬಿದ್ದರು. ಟೆನ್ಷನ್ ಬೇಡ ಎಂದರು ಡಾಕ್ಟರು. ನನಗೆ ನಿಜಕ್ಕೂ ಭಯವಾಗಿತ್ತು. ಮಾರನೆಯ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ಸುದ್ದಿ ಚಾನೆಲ್‌ಗಳಿಗೆಲ್ಲ ಪಿನ್ ಹಾಕಿ ಲಾಕ್ ಮಾಡಿದೆ. ಪರದೆಯಲ್ಲಿ ಪಿನ್ ಕೇಳುವ ಸಣ್ಣ ಅಕ್ಷರ ಅವರ ಕಣ್ಣಿಗೆ ಕಾಣುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

“ಸುದ್ದಿ ಬರ್ತಿಲ್ವಲ್ಲಮ್ಮ?”

“ಕೇಬಲ್‌ನೋರು ಏನೋ ರಿಪೇರಿ ಮಾಡ್ತಿದಾರಂತೆ ಮಾವ.”

“ಸರೇಲೇ,” ಎಂದು ತೆಲುಗಿನಲ್ಲಿ ಗೊಣಗಿ ಹಳೆಯ ಸಿನಿಮಾ ಹಾಕಿಕೊಂಡರು. ಎರಡು ತಿಂಗಳು ಮನೆ ತಣ್ಣಗಿತ್ತು. ಬಿಪಿಯೂ ಇಳಿಯಿತು. ನನ್ನ ಬೆನ್ನು ನಾನೇ ತಟ್ಟಿಕೊಂಡು, ಆ ದುಷ್ಟ ಅಧಿಕಾರಿಯನ್ನು ಬೈಯುತ್ತಾ ಪುಟ ತುಂಬಿಸುತ್ತಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಅಧಿಕಾರಿ ದುರಸ್ತಿಯ ನೆಪ ಹೇಳುವ ಅಧ್ಯಾಯವನ್ನು ಓದಿದ ಭಾನುವಾರ ಮಾವ ಕೈ ಎತ್ತಿ ನಿಲ್ಲಿಸಿದರು.

“ಸುಳ್ಳು ಭಾಳ ಚೆನ್ನಾಗ್ ಹೇಳ್ತಾನಲ್ಲಮ್ಮ ಇವ್ನು. ನಮ್ಮನೆ ಕೇಬಲ್ ರಿಪೇರಿ ಥರಾನೇ.”

ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಎಲ್ಲವನ್ನೂ ಒಪ್ಪಿಕೊಂಡೆ.

“ಗೊತ್ತು ಕಣಮ್ಮ. ಎರಡನೇ ವಾರನೇ ಕೇಬಲ್‌ನೋನಿಗೆ ಫೋನ್ ಮಾಡ್ದೆ. ನಿಮ್ಮನೇಲೇ ಯಾರೋ ಲಾಕ್ ಮಾಡವ್ರೆ ಅಂದ. ಆವತ್ತಿಂದ ಬಸ್ ಸ್ಟ್ಯಾಂಡ್ ಹತ್ರ ಕಟಿಂಗ್ ಶಾಪಲ್ಲಿ ನೋಡ್ತೀನಿ.”

“ಮತ್ತೆ ಬಿಪಿ?”

“ಅಲ್ಲಿ ಹತ್ತು ಜನ ಕೂಗಾಡ್ತಾರೆ. ನಾನ್ಯಾಕ್ ಕೂಗ್ಬೇಕು? ಸುಮ್ನೆ ಕೂತಿರ್ತೀನಿ.”

ನಗುವೂ ಬಂತು, ಅಳುವೂ ಬಂತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನಾನ್ ಬಿದ್ದಾಗ ನೀನು ಭಾಳ ಹೆದರ್ಕೊಂಡಿದ್ದೆ. ಸಮಾಧಾನವಾಗಿರ್ಲಿ ಅಂತ ಬಿಟ್ಟೆ. ಆದ್ರೆ ನನ್ನ ಒಂದ್ ಮಾತು ಕೇಳ್ಬೋದಿತ್ತಮ್ಮ. ಕೇಳಿದ್ದಿದ್ರೆ ನಾನೇ ಆಫ್ ಮಾಡ್ತಿದ್ದೆ.”

ಆ ಮಾತಿನಲ್ಲಿ ಕೋಪವಿರಲಿಲ್ಲ. ಅದಕ್ಕೇ ಹೆಚ್ಚು ನಾಚಿಕೆಯಾಯಿತು. ಅಲ್ಲೇ ಲಾಕ್ ತೆಗೆದು ರಿಮೋಟ್ ಅವರ ಕೈಗಿಟ್ಟೆ. ಈಗ ಸಂಜೆ ಒಂದಿಷ್ಟು ಹೊತ್ತು ನೋಡುತ್ತಾರೆ, ಕೂಗಾಟ ಜೋರಾದರೆ ತಾವೇ ಆರಿಸುತ್ತಾರೆ. ಕೆಲವು ದಿನ ಆರಿಸುವುದಿಲ್ಲ. ಆಗ ನಾನು ಅಡುಗೆಮನೆಯಲ್ಲಿ ಹಲ್ಲು ಕಚ್ಚಿಕೊಂಡು ಸಾರು ಕುದಿಸುತ್ತೇನೆ. ಮನೆಯಲ್ಲಿ ಸದ್ದು ಹೆಚ್ಚಾಗಿದೆ, ಆದರೂ ನನಗೆ ಹಾಯಾಗಿದೆ.

ಆ ವಾರವೇ ಅಧಿಕಾರಿಯನ್ನು ಹೊಸದಾಗಿ ಬರೆದೆ. ಕೆಂಪು ಕಣ್ಣು ಕಿತ್ತುಹಾಕಿದೆ. ಈಗ ಅವನಿಗೆ ಊರಿನವರೆಂದರೆ ಪ್ರಾಣ. ಕೆಟ್ಟ ಸುದ್ದಿ ಕೇಳಿ ಅವರ ನಿದ್ದೆ ಕೆಡಬಾರದೆಂದೇ ತಂತಿ ಕೀಳುತ್ತಾನೆ, ಎದುರಿಗೆ ಸಿಕ್ಕವರನ್ನೆಲ್ಲ ಊಟವಾಯಿತೇ ಎಂದು ವಿಚಾರಿಸುತ್ತಾನೆ. ಮುಂದಿನ ಭಾನುವಾರ ಅದನ್ನು ಓದಿದೆ.

“ಮುಂಚೆ ಇವನ್ನ ಬೈಬೋದಾಗಿತ್ತು,” ಎಂದರು ಮಾವ. “ಈಗ ಬೈಯಕ್ಕೂ ಬಾಯಿ ಬರಲ್ಲ ಕಣಮ್ಮ. ಈಗ್ಲೇ ಇವನ್ನ ಕಂಡ್ರೆ ಭಯ ಆಗೋದು.”