ಬಣ್ಣದಲ್ಲಿ ಬರೆದ ಗಂಧದ ಹಾರ

ಅಮೆರಿಕದ ಜರ್ಮನ್‌ಟೌನ್‌ನಲ್ಲಿ ನಮ್ಮ ಎದುರು ಬಾಗಿಲಿನ ಮನೆಯಲ್ಲಿ ಇಟಲಿಯ ಒಬ್ಬ ಮುದುಕಿ ಇದ್ದರು. ಚಿತ್ರ ಬರೆಯುವುದು, ಕಥೆ ಬರೆಯುವುದು ಎರಡೂ ಅವರ ಕಸುಬು. ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದ ಮೇಲೆ ಒಂದೇ ಪುಸ್ತಕದ ಬೆನ್ನು ಹತ್ತಿದ್ದರು. ನಮ್ಮ ಕಟ್ಟಡದ ಪ್ರತಿಯೊಬ್ಬರದೂ ಒಂದು ಚಿತ್ರ, ಅದರ ಹಿಂಬದಿಗೆ ಅವರ ಬಗ್ಗೆ ನಾಲ್ಕು ಸಾಲು. ಯಾರನ್ನೂ ಎದುರಿಗೆ ಕೂರಿಸುತ್ತಿರಲಿಲ್ಲ. ಮನೆಗೆ ಬಂದು ಕಾಫಿ ಕುಡಿದು, ಕಣ್ಣಿಗೆ ಬಿದ್ದದ್ದರ ಬಗ್ಗೆಯೆಲ್ಲ ಕೇಳಿಕೊಂಡು ಹೋಗಿ ನೆನಪಿನಿಂದ ಬರೆಯುತ್ತಿದ್ದರು. ಸಾಲುಗಳು ಮಾತ್ರ ಇಟಾಲಿಯನ್ನಿನಲ್ಲೇ. ಇಂಗ್ಲಿಷಿನಲ್ಲಿ ಬರೆದರೆ ಸುಳ್ಳು ಹೇಳಿದ ಹಾಗಾಗುತ್ತದಂತೆ.

2021ರಲ್ಲಿ, ಎಲ್ಲರೂ ಲಸಿಕೆ ಹಾಕಿಸಿಕೊಂಡ ಮೇಲೆ, ನಮ್ಮ ಮನೆಗೂ ಬಂದರು. ಗೋಡೆಯ ಮೇಲೆ ಅಮ್ಮನ ಫೋಟೊ ಇತ್ತು. ಹಿಂದಿನ ವರ್ಷ ಅಮ್ಮ ಮೈಸೂರಿನಲ್ಲಿ ತೀರಿಕೊಂಡಾಗ ವಿಮಾನಗಳಿರಲಿಲ್ಲ, ನನಗೆ ಹೋಗಲಾಗಲಿಲ್ಲ. ಫೋಟೊ, ಅದಕ್ಕೆ ಹಾಕಲು ಗಂಧದ ಹಾರ, ಎರಡನ್ನೂ ತಮ್ಮ ಆಮೇಲೆ ಪಾರ್ಸೆಲ್ ಮಾಡಿದ್ದ.

"ಈ ಮರದ ಹೂವು ಯಾಕೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಸತ್ತವರಿಗೆ ಎನ್ನಲು ನನಗೆ ಬಾಯಿ ಬರಲಿಲ್ಲ. "ತುಂಬ ಪ್ರೀತಿ ಇರುವವರಿಗೆ ಹಾಕುತ್ತೇವೆ," ಎಂದುಬಿಟ್ಟೆ. ಅವರು ಹಾರವನ್ನು ಮೂಸಿ ನೋಡಿದರು.

ಮೂರು ವಾರದ ನಂತರ ನನ್ನ ಚಿತ್ರ ತಂದುಕೊಟ್ಟರು. ಕಾಫಿ ಲೋಟ ಹಿಡಿದು ಕೂತ ನಾನು, ಚಿತ್ರದ ಸುತ್ತ ಅಂಚಿಗೆ ಅಮ್ಮನದೇ ಗಂಧದ ಹಾರ. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನದು ಮೊದಲು ಬಾಯಿ, ಆಮೇಲೆ ಬುದ್ಧಿ. ಬೇಡ, ತೆಗೆದುಕೊಂಡು ಹೋಗಿ ಎಂದು ಬಾಗಿಲು ಹಾಕಿದೆ.

"ಅವ್ರಿಗೇನು ಗೊತ್ತಿರುತ್ತೆ? ಎಕ್ಸ್‌ಪ್ಲೇನ್ ಮಾಡ್ಬಾರ್ದಿತ್ತಾ?" ಎಂದರು ನನ್ನ ಗಂಡ.

"ಬದುಕಿರೋರ ಫೋಟೋಗೆ ಹಾರ ಹಾಕ್ತಾರೇನ್ರೀ!"

ಆಮೇಲೆ ಅವರು ಲಿಫ್ಟಿನ ಹತ್ತಿರ ಕಂಡರೆ ನಾನು ಮೆಟ್ಟಿಲು ಹಿಡಿಯುತ್ತಿದ್ದೆ. ತಪ್ಪು ನನ್ನ ಅರ್ಧ ಮಾತಿನದು ಎಂದು ಆಗ ಹೊಳೆಯಲೇ ಇಲ್ಲ. ಹತ್ತು ದಿನವಾಗಿರಬೇಕು, ಮಧ್ಯಾಹ್ನ ಆಂಬುಲೆನ್ಸ್ ಬಂತು. ಅವರು ಆಸ್ಪತ್ರೆಯಿಂದ ವಾಪಸು ಬರಲಿಲ್ಲ.

ಮನೆ ಖಾಲಿ ಮಾಡಲು ಬಂದ ಅವರ ಮಗಳು ಆ ಚಿತ್ರವನ್ನು ಮತ್ತೆ ನನ್ನ ಬಾಗಿಲಿಗೆ ತಂದಳು. ಇದು ನಿಮ್ಮದೇ ಅಲ್ಲವೇ ಎಂದು ಅದನ್ನು ತಿರುಗಿಸಿ, ಹಿಂಬದಿಯ ಸಾಲುಗಳನ್ನು ನಿಂತಲ್ಲೇ ಇಂಗ್ಲಿಷ್ ಮಾಡಿ ಓದಿದಳು: "ಈಕೆಯ ಮನೆಯಲ್ಲಿ ತುಂಬ ಪ್ರೀತಿಯವರಿಗೆ ಮರದ ಹೂವಿನ ಹಾರ ಹಾಕುತ್ತಾರೆ. ಇಲ್ಲಿ ಈಕೆಗೆ ಹಾಕುವವರು ಯಾರೂ ಕಾಣಲಿಲ್ಲ. ನಾನು ಹಾಕಿದ್ದೇನೆ."



"ನಿಮ್ಮ ಪದ್ಧತಿಯನ್ನು ಅಮ್ಮ ಸರಿಯಾಗಿ ಬರೆದಿದ್ದಾಳಾ? ಪುಸ್ತಕದಲ್ಲಿ ತಪ್ಪಾಗಬಾರದು," ಎಂದಳು.

"ಸರಿಯಾಗಿ ಬರೆದಿದ್ದಾರೆ," ಎಂದು ಚಿತ್ರವನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ.